ಮುಂಗಡ ಕೊಟ್ಟವರ ಬುಟ್ಟಿ

ನಮ್ಮ ಮನೆಯ ಗೂಡಿನಲ್ಲಿ ಎರಡು ಲೆಕ್ಕದ ಪುಸ್ತಕಗಳಿವೆ. ಒಂದು ಕಬ್ಬಿನದು, ಇನ್ನೊಂದು ಕಾಯಿಪಲ್ಲೆಯದು. ಕಬ್ಬಿನ ಪುಸ್ತಕದಲ್ಲಿ ನನಗೆ ಬರಬೇಕಾದ ಹಣವಿದೆ. ಕಾಯಿಪಲ್ಲೆಯ ಪುಸ್ತಕದಲ್ಲಿ ನಾನು ಕೊಡಬೇಕಾದ ಬುಟ್ಟಿಗಳಿವೆ. ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ನಮ್ಮದು ನಾಲ್ಕು ಎಕರೆ. ಎರಡೂವರೆ ಎಕರೆ ಕಬ್ಬು, ಒಂದೂವರೆ ಎಕರೆ ಕಾಯಿಪಲ್ಲೆ. ಒಂದೇ ಬಾವಿಯ ನೀರು ಕುಡಿಯುವ ಈ ಎರಡು ಬೆಳೆಗಳ ಲೆಕ್ಕ ಎಷ್ಟು ಬೇರೆ ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಾನು ತಿಂಗಳುಗಟ್ಟಲೆ ಕಾದದ್ದುಂಟು. ಹಾಗೆ ಕಾಯುವುದೆಂದರೆ ಸಾಲ ಕೊಟ್ಟು ಕೂತಂತೆಯೇ. ಹನ್ನೆರಡು ತಿಂಗಳು ಬೆಳೆದವನು ನಾನು, ಆಮೇಲೆ ಕೈಕಟ್ಟಿ ನಿಲ್ಲುವವನೂ ನಾನೇ. ಈ ಸಂಕಟದಲ್ಲೇ 2017ರಲ್ಲಿ ಜಮಖಂಡಿಯ ಹನ್ನೆರಡು ಮನೆಗಳಿಗೆ ವಾರದ ಬುಟ್ಟಿ ಶುರು ಮಾಡಿದೆ. ತಿಂಗಳಿಗೆ 600 ರೂಪಾಯಿ ಮೊದಲೇ ಕೊಡಬೇಕು, ಪ್ರತಿ ಶುಕ್ರವಾರ ಹೊಲದಲ್ಲಿ ಬಂದದ್ದು ಮನೆಬಾಗಿಲಿಗೆ ಬರುತ್ತದೆ. ಮೊದಲ ಮುಂಗಡ ಕೈಗೆ ಬಂದ ದಿನ ನಾನು ಗೆದ್ದೆ ಅಂದುಕೊಂಡೆ. ಅದನ್ನು ನನ್ನ ಹಣ ಎಂದೇ ತಿಳಿದು ಮೋಟಾರು ರಿಪೇರಿ ಮಾಡಿಸಿದೆ, ಪೈಪು ತಂದೆ.

ಅದು ನನ್ನ ಹಣ ಆಗಿರಲಿಲ್ಲ. ಅದು ಇನ್ನೂ ಬಿತ್ತದ ಮೆಂತ್ಯೆ, ಇನ್ನೂ ಹೂಬಿಡದ ಹೀರೇಕಾಯಿ. ಮಾರ್ಚ್ ಕೊನೆಗೆ ಹೊಳೆ ಬತ್ತಿತು, ಬಾವಿ ತಳ ಕಂಡಿತು. ಬೇಸಿಗೆಯಲ್ಲಿ ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಇಳಿದು, ಮಹಾರಾಷ್ಟ್ರ ಕೊಯ್ನಾದಿಂದ ನೀರು ಬಿಟ್ಟೀತೇ ಎಂದು ಇಡೀ ಸೀಮೆ ಕಾಯುವುದು ನಮಗೆ ಹೊಸದಲ್ಲ. ನನಗೆ ಅದು ಗೊತ್ತಿತ್ತು, ಬುಟ್ಟಿ ಕೊಂಡವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ. ಎರಡು ವಾರ ಸಂತೆಯಿಂದ ಬದನೆ, ಟೊಮ್ಯಾಟೊ ಕೊಂಡು ಬುಟ್ಟಿ ತುಂಬಿದೆ. ಮೂರನೆಯ ವಾರ ಒಬ್ಬ ತಾಯಿ ಬದನೆಕಾಯಿ ಕೈಯಲ್ಲಿ ತಿರುಗಿಸಿ ನೋಡಿ, "ಇದು ನಿಮ್ಮ ಹೊಲದ್ದಲ್ಲ ಬಿಡ್ರಿ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಹನ್ನೆರಡೂ ಮನೆಗೆ ಹೋಗಿ ನಿಜ ಹೇಳಿ, ಉಳಿದ ಹಣ ವಾಪಸು ಕೊಟ್ಟೆ. ಒಂಬತ್ತು ಮನೆಯವರು ತೆಗೆದುಕೊಳ್ಳಲಿಲ್ಲ, ಮಳೆ ಬಿದ್ದ ಮೇಲೆ ಕೊಡು ಅಂದರು. ಅಂದಿನಿಂದ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ ಕೊನೆಯತನಕ ಬುಟ್ಟಿ ಇಲ್ಲ, ಆ ದಿನಗಳ ಹಣವನ್ನೂ ಕೇಳುವುದಿಲ್ಲ. ಇದನ್ನು ಹಣ ಪಡೆಯುವ ಮೊದಲೇ ಹೇಳುತ್ತೇನೆ.

ಏನು ಬೆಳೆಯಬೇಕೆಂಬುದರಲ್ಲೂ ಎಡವಿದೆ. ಪೇಟೆಯ ಜನ ಹೂಕೋಸು, ದೊಣ್ಣೆಮೆಣಸು ಕೇಳುತ್ತಾರೆಂದು ಅವನ್ನೇ ಹಾಕಿದೆ. ಹುಳ ತಿಂದು ಉಳಿದದ್ದು ಸಂತೆಯ ಮಾಲಿನ ಮುಂದೆ ಬಡವಾಗಿ ಕಾಣುತ್ತಿತ್ತು. ಬನಹಟ್ಟಿಯ ನೇಕಾರರ ಓಣಿಯ ಒಬ್ಬ ಅಜ್ಜಿ ಬುಟ್ಟಿ ಕೆದಕಿ, "ಪುಂಡಿಪಲ್ಲೆ ಇಲ್ಲೇನಪಾ? ಹಕ್ಕರಕಿ?" ಎಂದು ಕೇಳಿದರು. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ನುಚ್ಚು ಹಾಕಿ ಕುದಿಸುವ ಪುಂಡಿ, ರಾಜಗಿರಿ, ಕಿರಕಸಾಲಿ, ಚಳಿಗಾಲದ ಕಡಲೆ ಸೊಪ್ಪು: ಇವೆಲ್ಲ ಬದುವಿನಲ್ಲಿ, ಅಕ್ಕಡಿ ಸಾಲಿನಲ್ಲಿ ಬರುತ್ತಿದ್ದವು. ಕಬ್ಬು ಬಂದು ಬದುವನ್ನೇ ನುಂಗಿದ ಮೇಲೆ ಪೇಟೆಯವರಿಗಷ್ಟೇ ಅಲ್ಲ, ಹಳ್ಳಿಯವರಿಗೂ ಇವು ಅಪರೂಪವಾದವು. ಮುಂದಿನ ವಾರ ಆ ಅಜ್ಜಿ ಖಾಲಿ ಬುಟ್ಟಿ ವಾಪಸು ಕಳಿಸುವಾಗ ಸೀರೆಯ ತುಂಡಿನಲ್ಲಿ ಪುಂಡಿ ಬೀಜ ಕಟ್ಟಿಟ್ಟಿದ್ದರು. ನಮ್ಮ ಹೊಲದ ಪುಂಡಿಯೆಲ್ಲ ಆ ಗಂಟಿನದು.

ನೇಕಾರರ ಓಣಿ ಇನ್ನೊಂದು ಪಾಠವನ್ನೂ ಕಲಿಸಿತು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಪಗಾರ ವಾರಕ್ಕೊಮ್ಮೆ. ಇಡೀ ತಿಂಗಳ ಮುಂಗಡ ಕೇಳಿದರೆ ಅವರು ಎಲ್ಲಿಂದ ತಂದಾರು? ಮೊದಲ ತಿಂಗಳು ಏಳು ಮನೆ ಸೇರಿ, ಎರಡನೆಯ ತಿಂಗಳು ಐದು ಮನೆ ಬಿಟ್ಟವು. ಪಲ್ಲೆ ರುಚಿಸಲಿಲ್ಲವೇನೋ ಎಂದುಕೊಂಡಿದ್ದೆ. ಸಮಸ್ಯೆ ಪಲ್ಲೆಯದಲ್ಲ, ದಿನದ್ದು ಎಂದು ತಿಳಿದ ಮೇಲೆ ಬುಟ್ಟಿಯ ದಿನವನ್ನೇ ಪಗಾರದ ಮರುದಿನಕ್ಕೆ ಸರಿಸಿ, ವಾರ ವಾರ ಹಣ ಪಡೆಯತೊಡಗಿದೆ. ತಿಂಗಳ ಮುಂಗಡ ಕೊಡಬಲ್ಲವರ ಹಣದಿಂದ ಬೀಜ ಬರುತ್ತದೆ. ಕೊಡಲಾಗದವರಿಗೂ ಅದೇ ಮಡಿಯ ಪಲ್ಲೆ, ಅದೇ ದರ. ಇದು ಧರ್ಮಕ್ಕೆ ಮಾಡುವುದಲ್ಲ. ಒಂದು ವಾರ ಮುಂಗಡ ಕೊಡುವುದೂ ವಿಶ್ವಾಸವೇ.

ಜಪಾನಿನಲ್ಲಿ 1970ರ ದಶಕದಲ್ಲಿ ಗೃಹಿಣಿಯರು ರೈತರ ಜೊತೆ ನೇರ ಒಪ್ಪಂದ ಮಾಡಿಕೊಂಡು ‘ತೇಕೇ’ ಎಂಬ ಪದ್ಧತಿ ಬೆಳೆಸಿದರು, ಅಮೆರಿಕದಲ್ಲಿ 1986ರಲ್ಲಿ ಇಂಥ ತೋಟಗಳು ಆರಂಭವಾದವು ಎಂದು ಆಮೇಲೆ ಓದಿದೆ. ಓದಿದಾಗ ನೆನಪಾದದ್ದು ಮಾತ್ರ ನಮ್ಮ ಕಣ. ಬಡಿಗೇರ, ಕಂಬಾರರು ವರ್ಷವಿಡೀ ಗಳೆ ಸಾಮಾನು ಮಾಡಿಕೊಟ್ಟು, ರಾಶಿಯ ದಿನ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಕೆಲಸ ಮೊದಲು, ಕಾಳು ಆಮೇಲೆ. ನಡುವೆ ಇದ್ದದ್ದು ಮಾತು. ಇನ್ನೂ ದೊಡ್ಡದು ನಮ್ಮ ಚಿಕ್ಕಪಡಸಲಗಿಯದು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು; ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಇನ್ನೂ ನಿಲ್ಲದ ನೀರಿಗೆ ಅವರು ಮುಂಗಡ ಕೊಟ್ಟಿದ್ದರು. ಚಂದಾ ಕೇಳಲು ಮನೆಬಾಗಿಲಿಗೆ ಹೋದಾಗ ನನಗೆ ಸಂಕೋಚವಾದರೆ ಆ ಬ್ಯಾರೇಜನ್ನು ನೆನೆಯುತ್ತೇನೆ.

ನೀರು ಬಂದದ್ದೂ ಪೂರಾ ವರವಾಗಲಿಲ್ಲ. ಎರೆ ಭೂಮಿಗೆ ವರ್ಷಗಟ್ಟಲೆ ಕಬ್ಬಿನ ನೀರು ಹಾಯಿಸಿ ಹಾಯಿಸಿ ನಮ್ಮ ತಗ್ಗಿನ ಅರ್ಧ ಎಕರೆ ಸವಳಾಯಿತು. ಬೇಸಿಗೆಯ ಮುಂಜಾನೆ ಅಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ ಕಾಣುತ್ತದೆ, ಕಾಲಿಟ್ಟರೆ ಪದರು ಚುರುಕ್ಕೆಂದು ಒಡೆಯುತ್ತದೆ. ಬೀನ್ಸ್ ಹಾಕಿದೆ, ಎರಡೆಲೆ ಬಿಟ್ಟು, ಅಂಚು ಸುಟ್ಟು ಸತ್ತಿತು. ಬೀಟ್‌ರೂಟ್, ಪಾಲಕ್ ಹಾಕಿದೆ, ಅವು ತಡೆದುಕೊಂಡವು. ಈಗ ಬಸಿಗಾಲುವೆ ತೆಗೆದು, ಡಯಂಚ ಬೆಳೆದು ಮಣ್ಣಿಗೆ ಮುಗುಚುತ್ತಿದ್ದೇನೆ. ಬುಟ್ಟಿ ಕೊಳ್ಳುವ ಮುಧೋಳದ ಒಂದು ಮನೆಯವರು "ಎಷ್ಟು ವಾರ ಬೀಟ್‌ರೂಟ್ ತಿನ್ನೋದ್ರಿ" ಎಂದಾಗ ಅವರನ್ನು ಹೊಲಕ್ಕೇ ಕರೆತಂದು ಆ ಬಿಳಿ ಮಣ್ಣನ್ನು ಕೈಯಲ್ಲಿಟ್ಟೆ. ಅವರ ಮಗಳು ನಾಲಿಗೆಗೆ ಹಚ್ಚಿ ನೋಡಿ ಮುಖ ಕಿವಿಚಿದಳು. ಆಮೇಲೆ ಆ ಮನೆಯಿಂದ ಬೀಟ್‌ರೂಟಿನ ಮಾತು ಬರಲಿಲ್ಲ.

2019ರ ಆಗಸ್ಟ್. ಮನೆಗಳು 42 ಆಗಿದ್ದವು, ಬೀಳಗಿಯಲ್ಲೂ ಆರು ಮನೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ತುಂಬಿ ಬಂದವು. ಮುಧೋಳದ ಯಾದವಾಡ ಸೇತುವೆ ಮುಳುಗಿತು. ನಮ್ಮ ಹೊಲದಲ್ಲಿ ಒಂಬತ್ತು ದಿನ ನೀರು ನಿಂತಿತ್ತು. ಇಳಿದ ಮೇಲೆ ನೋಡಿದರೆ ಹೀರೇ ಚಪ್ಪರಕ್ಕೆ ಕಬ್ಬಿನ ರವದಿ ಸುತ್ತಿಕೊಂಡಿದೆ, ಮಡಿ ಯಾವುದು ದಾರಿ ಯಾವುದು ತಿಳಿಯದು, ಎಲ್ಲದರ ಮೇಲೂ ಗೇಣುದ್ದ ನುಣುಪಾದ ರೇವೆ. ಪುಸ್ತಕ ತೆರೆದು 42 ಹೆಸರು ಓದಿದೆ. ಅಷ್ಟೂ ಸಾಲ. 31 ಮನೆಯವರು ಹಣ ಬೇಡ, ಪಲ್ಲೆಯೇ ಬರಲಿ ಅಂದರು. ಹನ್ನೊಂದು ಮನೆಯವರು ಹಣ ಕೇಳಿದರು. ಅವರಲ್ಲಿ ಕೆಲವರ ಮನೆಗೂ ನೀರು ನುಗ್ಗಿತ್ತು. ಕೇಳಿದ್ದು ನ್ಯಾಯ. ಆಕಳ ಕರು ಮಾರಿ ಕೊಟ್ಟೆ.

ರೇವೆ ಒಣಗಿ ಕಾಲು ಹೂಳದಷ್ಟಾದ ದಿನವೇ ರಾಜಗಿರಿ, ಮೆಂತ್ಯೆ ಚೆಲ್ಲಿದೆವು. ತಿಂಗಳೊಳಗೆ ಸೊಪ್ಪು ಬಂತು. ಆ ಮೆಂತ್ಯೆಯ ಎಲೆ ಎಷ್ಟು ಹಸಿರಿತ್ತೆಂದರೆ, ಹೊಳೆ ಒಯ್ದದ್ದರಲ್ಲಿ ಒಂದು ಪಾಲು ತಿರುಗಿ ಕೊಟ್ಟಿತೆನಿಸಿತು. ನಸುಕಿನ ನಾಲ್ಕಕ್ಕೆ ಕಿತ್ತು, ಇಬ್ಬನಿ ಆರುವ ತನಕ ಗೋಣಿತಟ್ಟಿನ ಮೇಲೆ ಹರವಿ, ಬಾಳೆಯ ನಾರಿನಿಂದ ಸಡಿಲಾಗಿ ಕಟ್ಟಿದೆವು. ಹಸಿ ಸೊಪ್ಪು ಬಿಗಿದು ಕಟ್ಟಿದರೆ ಸಿವುಡು ಒಳಗೇ ಕಾದು ಮಧ್ಯಾಹ್ನಕ್ಕೆ ಹಳದಿಯಾಗುತ್ತದೆ. ಇದೂ ಮೊದಲ ವರ್ಷ ಹಾಳು ಮಾಡಿಯೇ ಕಲಿತದ್ದು.

ಆ ವರ್ಷದ ಬಾಕಿಯೆಲ್ಲ ಸಂಕ್ರಾಂತಿಯ ಹೊತ್ತಿಗೆ ತೀರಿತು, ಒಂದು ಹೆಸರು ಬಿಟ್ಟು. ಬೀಳಗಿಯಲ್ಲಿದ್ದ ಒಬ್ಬ ಮೇಷ್ಟ್ರ ಮನೆಯವರು ನೆರೆಯ ನಂತರ ವರ್ಗವಾಗಿ ಹೋದರು. ಅವರ ಹೆಸರಿನ ಮುಂದೆ ‘ಎರಡು ಬುಟ್ಟಿ’ ಎಂದು ಇನ್ನೂ ಇದೆ. ಪುಸ್ತಕ ಬದಲಾದಾಗಲೆಲ್ಲ ಹೊಸ ಪುಸ್ತಕದ ಮೊದಲ ಪುಟಕ್ಕೆ ಬರೆದುಕೊಂಡು ಬಂದಿದ್ದೇನೆ. ಹೋದ ತಿಂಗಳು ಅವರ ವಿಳಾಸ ಸಿಕ್ಕಿತು. ಅಷ್ಟು ದೂರಕ್ಕೆ ಪಲ್ಲೆ ಹೋಗುವುದಿಲ್ಲ. ಈ ಸಲ ಬದುವಿನ ಮಗ್ಗುಲಲ್ಲಿ ನಾಲ್ಕು ಸಾಲು ಅರಿಶಿನ ಹಾಕಿದ್ದೆ. ಅಗೆದು, ಕುದಿಸಿ, ಅಂಗಳದಲ್ಲಿ ಹರವಿದೆ. ಇನ್ನು ಎಂಟು ದಿನದ ಬಿಸಿಲು ಸಾಕು, ಪುಡಿ ಮಾಡಿಸಿ ಕಳಿಸುತ್ತೇನೆ.