ವಾರ್ಡು ತೊಳೆಯುವ ಹೊತ್ತು

ಪುಟ್ಟೂ, ಮೊನ್ನೆ ಹಬ್ಬಕ್ಕೆ ಬಂದವನು ಒಬ್ಬಟ್ಟಿನ ಎಲೆ ಮುಂದೆ ಕೂತೇ ತೂಕಡಿಸಿದೆಯಲ್ಲ, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರಾತ್ರಿ ಹನ್ನೊಂದೂವರೆವರೆಗೆ ಅಮೆರಿಕದವರ ಜೊತೆ ಮೀಟಿಂಗು, ಆಮೇಲೆ ಒಂದೂವರೆವರೆಗೆ ಮೊಬೈಲು, ಬೆಳಿಗ್ಗೆ ಆರಕ್ಕೆ ಮಗಳ ಸ್ಕೂಲ್ ಬಸ್ಸಿನ ಗಡಿಬಿಡಿ. ಕೇಳಿದರೆ, "ನಾಲ್ಕೂವರೆ ಗಂಟೆ ಸಾಕು ದೊಡ್ಡಮ್ಮ, ಅಭ್ಯಾಸ ಆಗಿಬಿಟ್ಟಿದೆ" ಅಂದೆ.

ಇದೇ ಮಾತು ನಾನೂ ಆಡಿದವಳೇ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸಾಗಿ 32 ವರ್ಷ ದುಡಿದೆ. ನೈಟ್ ಡ್ಯೂಟಿ ಮುಗಿಸಿ ಬಂದು, ಅಡುಗೆ ಮಾಡಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮೂರು ಗಂಟೆ ಮಲಗಿದರೆ ಆಯಿತು ಅಂದುಕೊಂಡಿದ್ದೆ. ಒಂದು ದಿನ ಬೆಳಗಿನ ಜಾವ ಒಬ್ಬರ ಬಿ.ಪಿ. ನೋಡಿ ಪಕ್ಕದ ಹಾಸಿಗೆಯವರ ಚಾರ್ಟಿನಲ್ಲಿ ಬರೆದಿದ್ದೆ. ಡಾಕ್ಟರು ರೌಂಡ್ಸಿಗೆ ಬರುವ ಮೊದಲೇ ಕಣ್ಣಿಗೆ ಬಿತ್ತು, ಬಚಾವಾದೆ. ನಿದ್ದೆ ಕಡಿಮೆಯಾದದ್ದು ನನಗೆ ಒಗ್ಗಿರಲಿಲ್ಲ, ಮಂಕಾಗಿರುವುದು ಒಗ್ಗಿತ್ತು ಅಷ್ಟೇ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಕಡಿಮೆ ಅಂತ ಎರಡು ವಾರ ಮಲಗಿಸಿದವರ ಗಮನ, ನೆನಪು ಎಲ್ಲ ಕುಗ್ಗುತ್ತಾ ಹೋಗಿ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟದವರೆಗೂ ಇಳಿಯಿತು. ಆದರೆ ತಾವು ಅಷ್ಟು ಕುಗ್ಗಿದ್ದೇವೆ ಅನ್ನುವುದು ಅವರಿಗೇ ಗೊತ್ತಾಗಲಿಲ್ಲ.

ಈಗ ನನ್ನ ಕಸುಬಿನ ಭಾಷೆಯಲ್ಲೇ ಹೇಳುತ್ತೇನೆ. ವಾರ್ಡು ತೊಳೆಯುವುದು ಯಾವಾಗ ಹೇಳು? ರೋಗಿಗಳನ್ನು ನೋಡಲು ಬಂದವರೆಲ್ಲ ಹೊರಗೆ ಹೋದ ಮೇಲೆ. ಜನ ಓಡಾಡುವಾಗ ಆಯಾ ಬಕೆಟ್ಟು ಹಿಡಿದು ಬಂದರೆ, ಒರೆಸಿದ ಕಡೆಯೇ ಮತ್ತೆ ಕೆಸರಿನ ಹೆಜ್ಜೆ ಬೀಳುತ್ತದೆ. ಮಿದುಳಿನದೂ ಇದೇ ಕಥೆ. ಹಗಲೆಲ್ಲ ಕೆಲಸ ಮಾಡಿದ ನರಕೋಶಗಳಿಂದ ಕಸ ಬೀಳುತ್ತದೆ. ಬೀಟಾ ಅಮೈಲಾಯ್ಡ್ ಅನ್ನುವ ಪ್ರೋಟೀನು ಅದರಲ್ಲಿ ಒಂದು. ಆಲ್ಜೈಮರ್ ಬಂದವರ ಮಿದುಳಿನಲ್ಲಿ ಗಟ್ಟಿಯಾಗಿ ಕೂತಿರುವುದು ಇದೇ. ಮೈಕನ್ ನೆಡರ್ಗಾರ್ಡ್ ಅನ್ನುವ ವಿಜ್ಞಾನಿಯ ತಂಡ 2013ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ನಿದ್ದೆ ಬಂದ ಕೂಡಲೇ ಕೋಶಗಳ ನಡುವಿನ ಜಾಗ ಶೇ. 60ರಷ್ಟು ಹಿಗ್ಗಿ, ದ್ರವ ಸರಾಗವಾಗಿ ಹರಿದು, ಈ ಕಸ ಬೇಗ ಕೊಚ್ಚಿಹೋಗುವುದು ಕಂಡಿತು. ತೊಳೆಯುವ ಕೆಲಸ ಸರಿಯಾಗಿ ಹೇಗೆ ನಡೆಯುತ್ತದೆ ಅನ್ನುವ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದ ಇದೆ. ಆದರೆ 2018ರಲ್ಲಿ 20 ಜನ ಆರೋಗ್ಯವಂತರನ್ನು ಬರೀ ಒಂದು ರಾತ್ರಿ ಎಚ್ಚರವಿರಿಸಿ ಸ್ಕ್ಯಾನ್ ಮಾಡಿದಾಗ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ಅದೇ ಅಮೈಲಾಯ್ಡ್ ಹೆಚ್ಚಾಗಿತ್ತು.

"ಅರವತ್ತಾದ ಮೇಲೆ ನೋಡಿಕೊಂಡರಾಯಿತು" ಅನ್ನಬೇಡ. ಈ ಕಸ ಕೂರುವುದಕ್ಕೆ ಶುರುವಾಗುವುದು ಮರೆವು ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಮಾವಿನ ತೋಟದ ರೈತರನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದಿದ್ದಾರೆ. ಅವರು ಆರಿಸಿಕೊಳ್ಳುವುದು 45 ದಾಟಿದವರನ್ನು, ಆಗಲೇ ಮರೆವು ಬಂದವರನ್ನಲ್ಲ. ನಿನಗೀಗ 41. ಬ್ರಿಟನ್ನಿನ ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಬಂತು. ಐವತ್ತರಿಂದ ಎಪ್ಪತ್ತರವರೆಗೂ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಾ ಬಂದವರಿಗೆ, 7 ಗಂಟೆ ಮಲಗಿದವರಿಗಿಂತ ಮರೆವಿನ ಕಾಯಿಲೆಯ ಅಪಾಯ ಶೇ. 30ರಷ್ಟು ಹೆಚ್ಚಿತ್ತು.

ಹಾಗಂತ ಗಾಬರಿಯಾಗಬೇಡ. ನಿದ್ದೆಗೆಟ್ಟವರೆಲ್ಲ ಮರೆಗುಳಿಗಳಾಗುವುದಿಲ್ಲ. ಬಿ.ಪಿ., ಸಕ್ಕರೆ, ಕಿವಿ ಮಂದವಾಗುವುದು, ಬೀಡಿ ಸಿಗರೇಟು, ಇವೂ ಲೆಕ್ಕಕ್ಕೆ ಬರುತ್ತವೆ. ಕೆಲವರಲ್ಲಿ ಕಾಯಿಲೆಯೇ ಒಳಗಿಂದೊಳಗೆ ಶುರುವಾಗಿ ನಿದ್ದೆ ಕೆಡಿಸುವುದೂ ಉಂಟು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನಿದ್ದೆಯ ಬಗ್ಗೆಯೇ ಚಿಂತೆ ಹತ್ತಿದರೆ ಮನೆಯಲ್ಲೂ ಬರದು.

ಗಂಟೆ ಎಣಿಸಿದರೆ ಮಾತ್ರ ಸಾಲದು. ನಿಮ್ಮ ದೊಡ್ಡಪ್ಪ ಎಂಟು ಗಂಟೆ ಮಲಗಿ ಎದ್ದರೂ ತಲೆ ಭಾರ ಅನ್ನುತ್ತಿದ್ದರು, ಪೇಪರ್ ಓದುತ್ತಾ ಜೋಂಪು ಹತ್ತುತ್ತಿತ್ತು. ಗೊರಕೆಯೋ, ಪಕ್ಕದ ಮನೆಗೆ ಕೇಳುವಷ್ಟು. ನಾನು ನರ್ಸಾಗಿದ್ದೂ ಅದನ್ನು ಗಾಢ ನಿದ್ದೆ ಅಂದುಕೊಂಡೆ ನೋಡು! ಒಂದು ರಾತ್ರಿ ಗೊರಕೆ ತಟ್ಟನೆ ನಿಂತಿತು. ಉಸಿರೂ ನಿಂತಿತ್ತು. ನಾನು ಭುಜ ಹಿಡಿದು ಅಲ್ಲಾಡಿಸುವಷ್ಟರಲ್ಲಿ ನೀರಿನಿಂದ ಮೇಲೆದ್ದವರ ಹಾಗೆ ಗಕ್ಕನೆ ಎಳೆದುಕೊಂಡರು. ಸ್ಲೀಪ್ ಸ್ಟಡಿ ಮಾಡಿಸಿದಾಗ ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ ಹಾಗಾಗುತ್ತಿದೆ ಅಂದರು. ಪ್ರತಿ ಸಲವೂ ಮಿದುಳಿಗೆ ಹೋಗುವ ಆಮ್ಲಜನಕ ಇಳಿಯುತ್ತದೆ, ಗಾಢ ನಿದ್ದೆ ಕತ್ತರಿಸಿಹೋಗುತ್ತದೆ. ಈಗ ಉಸಿರುದಾರಿ ಮುಚ್ಚಿಕೊಳ್ಳದ ಹಾಗೆ ಗಾಳಿ ಒತ್ತುವ ಯಂತ್ರದ ಮಾಸ್ಕು ಹಾಕಿ ಮಲಗುತ್ತಾರೆ. ಮೊದಮೊದಲು "ಆನೆ ಸೊಂಡಿಲು" ಅಂತ ಗೊಣಗಿದವರು, ಈಗ ಊರಿಗೆ ಹೊರಟರೆ ಅದನ್ನೇ ಮೊದಲು ಬ್ಯಾಗಿಗೆ ಇಡುತ್ತಾರೆ.

ಇದನ್ನೇಕೆ ಹೇಳಿದೆ ಗೊತ್ತೇ? ನೀನೂ ಹಾಗೆ ಗೊರಕೆ ಹೊಡೆಯುತ್ತೀಯ ಅಂತ ನಿನ್ನ ಹೆಂಡತಿ ಹೇಳಿದಳು. ಅವಳ ಮೇಲೆ ಸಿಡುಕಬೇಡ. ಎರಡು ರಾತ್ರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಕೋ, ಡಾಕ್ಟರಿಗೆ ಕೇಳಿಸು.

ಉಳಿದದ್ದು ಸಣ್ಣ ಕೆಲಸ. ಭಾನುವಾರವೂ ಏಳುವ ಹೊತ್ತು ಬದಲಿಸಬೇಡ. ಸಾಯಂಕಾಲದ ಕಾಫಿ ಬಿಡು. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಐದಾರು ಗಂಟೆ ಬೇಕು. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಅನ್ನುವ ಗೆಳೆಯರ ಮಾತು ಕೇಳಬೇಡ. ಅದು ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಗೊರಕೆಯನ್ನೂ ಹೆಚ್ಚಿಸುತ್ತದೆ. ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರಲೇಬೇಡ. ಅಲಾರಂ ಗಡಿಯಾರ ಒಂದು ತಗೋ, ಮೊಬೈಲು ಹಜಾರದಲ್ಲೇ ಇರಲಿ. ಮೀಟಿಂಗುಗಳು ವಾರದಲ್ಲಿ ಎರಡು ರಾತ್ರಿಗೆ ಸೀಮಿತವಾಗಲಿ ಅಂತ ಆಫೀಸಿನಲ್ಲಿ ಒಮ್ಮೆ ಕೇಳು. ಕೇಳಿದವನನ್ನು ಯಾರೂ ನೇಣಿಗೆ ಹಾಕುವುದಿಲ್ಲ.

ಆಸ್ಪತ್ರೆಯಲ್ಲಿ ಸಂಜೆ ಏಳಾಯಿತು ಅಂದರೆ, ರೋಗಿಗಳನ್ನು ನೋಡಲು ಬಂದವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ, "ಟೈಮಾಯ್ತು, ನಡೀರಿ" ಅಂತ ನಾನೇ ಹೊರಗೆ ಕಳಿಸುತ್ತಿದ್ದೆ. ಕೆಲವರು ಬೈದರು ಕೂಡ. ವಾರ್ಡು ಮಾತ್ರ ಬೆಳಿಗ್ಗೆ ಫಳಫಳ ಅನ್ನುತ್ತಿತ್ತು. ನಿನ್ನ ರಾತ್ರಿಗೆ ಬಾಗಿಲು ಹಾಕುವವನು ನೀನೇ. ಮುಂದಿನ ಹಬ್ಬಕ್ಕೆ ಬಾ, ಎರಡು ಒಬ್ಬಟ್ಟು ಜಾಸ್ತಿ ಬಡಿಸುತ್ತೇನೆ. ಎಚ್ಚರವಾಗಿದ್ದು ತಿನ್ನು.