ಹಳಬರಿಗೆ ಬೆಲ್ಟ್ ಬೇಡವೇ?

ಮಳೆಗಾಲ ಹತ್ತಿರವಾದಾಗ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಗ್ಗದಾಸಪುರ, ನಾಗವಾರಪಾಳ್ಯದ ರಸ್ತೆಗಳಲ್ಲಿ ಕೊಂಬೆ ಕಡಿಯುವವರನ್ನು ಗಮನಿಸಿ. ಬರಿಗಾಲು, ಸೊಂಟದಲ್ಲಿ ಮಚ್ಚು, ನಡುವಿಗೆ ಸುತ್ತಿದ ನೈಲಾನ್ ಹಗ್ಗ. ಕೇಳಿದರೆ ಮೇಸ್ತ್ರಿ ಹೇಳುವುದು ಒಂದೇ: "ಇಪ್ಪತ್ತು ವರ್ಷದಿಂದ ಹತ್ತುತ್ತಿದ್ದಾನೆ ಸಾರ್, ಅವನಿಗ್ಯಾಕೆ ಬೆಲ್ಟು?"

ಈ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ, ಇರಲೂಬಾರದು. ಗುಲ್‌ಮೊಹರ್ ಕೊಂಬೆ ಹೊರಗೆ ಹಸಿರಾಗಿದ್ದೂ ಒಳಗೆ ಟೊಳ್ಳಾಗಿರಬಹುದು. ಅದು ಎಷ್ಟು ಪಳಗಿದ ಕಣ್ಣಿಗೂ ಕಾಣುವುದಿಲ್ಲ. ಬಿದ್ದಾಗ ಸೊಂಟದ ಹಗ್ಗ ಇಡೀ ಎಳೆತವನ್ನು ಹೊಟ್ಟೆ, ಬೆನ್ನುಮೂಳೆಯ ಮೇಲೆ ಹಾಕುತ್ತದೆ. ಮೈಗೆಲ್ಲ ತೊಡುವ ಹಾರ್ನೆಸ್ ಅದನ್ನು ತೊಡೆ, ಭುಜಗಳಿಗೆ ಹಂಚುತ್ತದೆ. ಕೊಳ್ಳುವಾಗ ಹಾರ್ನೆಸ್‌ಗೆ ಐಎಸ್ 3521, ಹೆಲ್ಮೆಟ್‌ಗೆ ಐಎಸ್ 2925 ಗುರುತು ನೋಡಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅದರ 6ನೇ ಸೆಕ್ಷನ್ ಪ್ರಕಾರ ಸುರಕ್ಷತೆಯ ಹೊಣೆ ಮಾಲೀಕರದು. ಅದಕ್ಕಾಗಿ ಕೊಟ್ಟ ವಸ್ತುವಿನ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಹೊಸಬ, ಹಳಬ ಎಂಬ ಭೇದ ಅಲ್ಲಿಲ್ಲ.

ಅನುಭವ ಲೆಕ್ಕಕ್ಕೆ ಬರಬೇಕಾದದ್ದು ಯಾರು ಮೇಲೆ ಹತ್ತಬೇಕು, ಯಾರು ಕೆಳಗೆ ಹಗ್ಗ ಹಿಡಿಯಬೇಕು ಎಂಬಲ್ಲಿ. ಅಮೆರಿಕದಲ್ಲಿ ಕರೆಂಟಿರುವ ತಂತಿಯ ತೀರಾ ಹತ್ತಿರ ಕೊಂಬೆ ಕಡಿಯಲು ಅದಕ್ಕೆಂದೇ ತರಬೇತಾದವರಿಗೆ ಮಾತ್ರ ಅವಕಾಶ. ನಮ್ಮಲ್ಲಿ ತಂತಿ ತಾಗುವಂತಿದ್ದರೆ ಬೆಸ್ಕಾಂನಿಂದ ಎಲ್‌ಸಿ (ಲೈನ್ ಕ್ಲಿಯರ್) ಪಡೆಯದೆ ಯಾರೂ ಹತ್ತಬಾರದು; ಸಹಾಯವಾಣಿ 1912.

ಅಪಘಾತವಾದರೆ "ಅವನೇ ಬೆಲ್ಟ್ ಹಾಕಲಿಲ್ಲ" ಎಂದು ಜಾರಿಕೊಳ್ಳುವವರಿದ್ದಾರೆ. ಅವರಿಗೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಪರಿಹಾರದ ಹೊಣೆ ಹೇಳುವ 74ನೇ ಸೆಕ್ಷನ್ ಓದಿಸಿ. ಕೊಟ್ಟ ಸಾಧನವನ್ನು ಕೆಲಸಗಾರ ಬೇಕೆಂದೇ ಕಳಚಿದ್ದರೆ, ಕಡೆಗಣಿಸಿದ್ದರೆ ಅಥವಾ ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶ, ನಿಯಮವನ್ನು ಬೇಕೆಂದೇ ಮೀರಿದ್ದರೆ ಮಾತ್ರ ಆ ವಾದ ನಿಲ್ಲುತ್ತದೆ. ಕೊಡದೇ ಇದ್ದದ್ದನ್ನು ಕಳಚುವುದು ಎಲ್ಲಿಂದ? ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗಲಂತೂ ಆ ವಾದಕ್ಕೂ ಎಡೆಯಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಡಿ ಪೊಲೀಸರಿಗೂ ದೂರು ಕೊಡಬಹುದು.

ಮನೆಯವರು ಮೊದಲು ಮಾಡಬೇಕಾದದ್ದು ದಾಖಲೆ ಜೋಡಿಸುವುದು: ಆಸ್ಪತ್ರೆಯ ಎಂಎಲ್‌ಸಿ (ಮೆಡಿಕೋ-ಲೀಗಲ್) ದಾಖಲೆ, ಎಫ್‌ಐಆರ್ ಪ್ರತಿ, ಕೂಲಿ ಬಂದ ಫೋನ್‌ಪೇ ವಿವರ, ಜೊತೆಗಿದ್ದವರ ಹೇಳಿಕೆ, ಹಗ್ಗ–ಮರದ ಫೋಟೊ. ಪಾಲಿಕೆಯ ಕೆಲಸವಾಗಿದ್ದರೆ ಗುತ್ತಿಗೆಯ ಕಾರ್ಯಾದೇಶವನ್ನು ಮಾಹಿತಿ ಹಕ್ಕಿನಡಿ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಖಾಸಗಿ ಜಾಗದ ಮರವಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಕೊಟ್ಟ ಅನುಮತಿ ಪತ್ರವಿದೆಯೇ ವಿಚಾರಿಸಿ. ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.