ನೆರೆಮನೆಯ ನೆರಳು

ಲಾಲ್‌ಬಾಗಿನ ಬಂಡೆಯ ಮೇಲೆ ನಿಂತಿರುವ ಕೆಂಪೇಗೌಡನ ಗೋಪುರವು ಒಂದು ಕಾಲಕ್ಕೆ ಬೆಂಗಳೂರಿನ ದಕ್ಷಿಣದ ಎಲ್ಲೆಯಾಗಿತ್ತೆಂದು ಹೇಳುವುದುಂಟು. ಅದರಾಚೆಗೆ ಇದ್ದುದು ಕೆರೆ, ಗದ್ದೆ, ತೋಪು; ನಡುನಡುವೆ ಕನಕನಪಾಳ್ಯ, ಯಡಿಯೂರು, ಬೈರಸಂದ್ರಗಳಂತಹ ಸಣ್ಣ ಊರುಗಳು. ಇಂದು ಆ ಗೋಪುರದ ಬುಡದಿಂದ ದಕ್ಷಿಣಕ್ಕೆ ಹೊರಟರೆ ಜಯನಗರ, ಬನಶಂಕರಿ, ಜಯಪ್ರಕಾಶ ನಗರಗಳು ಒಂದಕ್ಕೊಂದು ಅಂಟಿಕೊಂಡು ಸಾಗುತ್ತವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿ ಮೂರು ಅಕ್ಷರಗಳಾಗಿ ಉಳಿದುಕೊಂಡಿವೆ. ಈ ಬಡಾವಣೆಗಳ ಯಾವುದೇ ಅಡ್ಡರಸ್ತೆಯನ್ನು ಹೊಕ್ಕರೂ ಒಂದು ದೃಶ್ಯ ಕಣ್ಣಿಗೆ ಬೀಳದಿರದು. ಹೆಂಚಿನ ಇಳಿಜಾರೋ ತಾರಸಿಯೋ ಇರುವ, ಮುಂದೆ ಸಂಪಿಗೆ ಹಿಂದೆ ತೆಂಗು ಬೆಳೆದಿರುವ ಒಂದಂತಸ್ತಿನ ಮನೆ. ಅದಕ್ಕೆ ಆತುಕೊಂಡಂತೆ ಗಾಜು ಕಾಂಕ್ರೀಟುಗಳ ನಾಲ್ಕಂತಸ್ತಿನ ಮನೆ. ನಡುವಣ ಗೋಡೆಯ ಎರಡು ಪಕ್ಕದಲ್ಲಿಯೂ ವಾಸಿಸುವವರು ಪರಸ್ಪರ ಮಾತು ಬಿಟ್ಟಿರುವುದೂ ಅಪರೂಪವಲ್ಲ.

ಈ ಮುನಿಸನ್ನು ಹಳತು ಹೊಸತುಗಳ ಜಗಳವೆಂದು ಕರೆಯುವುದು ವಾಡಿಕೆ. ಆದರೆ ಇಲ್ಲಿ ಹಳತೆನಿಸಿಕೊಂಡ ಮನೆಯ ವಯಸ್ಸನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಬೆಂಗಳೂರಿನ ನಿಜವಾದ ಹಳೆಯ ಮನೆಗಳಿದ್ದುದು ಪೇಟೆಯಲ್ಲಿ. ಅಲ್ಲಿ ಅಕ್ಕಪಕ್ಕದ ಮನೆಗಳಿಗೆ ಒಂದೇ ಗೋಡೆ. ಬೀದಿಗೆ ಅಂಟಿಕೊಂಡೇ ಜಗುಲಿ. ಬೆಳಕು ಗಾಳಿಗಳೆಲ್ಲ ಮನೆಯ ನಡುವಣ ತೊಟ್ಟಿಯಿಂದಲೇ ಇಳಿದು ಬರಬೇಕು. 1898ರಲ್ಲಿ ಪ್ಲೇಗು ಆ ಇಕ್ಕಟ್ಟಾದ ಕೇರಿಗಳನ್ನು ಹೊಕ್ಕು ಜನರನ್ನು ಆಹುತಿ ತೆಗೆದುಕೊಂಡಾಗ, ಊರಿನ ಹೊರಗೆ ಬಸವನಗುಡಿ, ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳಿಗೆ ಚಾಲನೆ ದೊರೆಯಿತು. ಅಗಲವಾದ ಬೀದಿ, ಅಳತೆಮಾಡಿದ ನಿವೇಶನ, ನಿವೇಶನದ ನಡುವೆ ಮನೆ, ಮನೆಯ ಸುತ್ತಲೂ ತೆರಪು ಎಂಬುದು ಅಂದಿನವರು ರೋಗಕ್ಕೆ ಕಂಡುಕೊಂಡ ಮದ್ದು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಯಿತು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲನ್ನಿಟ್ಟರು. ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿಯೂ ಅದೇ ಮಾದರಿ ಮುಂದುವರಿಯಿತು. ಸೈಜುಗಲ್ಲಿನ ಅಡಿಪಾಯ, ಕೆಂಪು ಗಾರೆಯ ಅಥವಾ ಮೊಸಾಯಿಕ್ ನೆಲ, ಕಿಟಕಿಗೆ ಸಜ್ಜ, ಎದೆಯುದ್ದದ ಕಾಂಪೌಂಡು ಗೋಡೆ, ಹಿತ್ತಿಲಲ್ಲಿ ತುಳಸಿಕಟ್ಟೆ ಮತ್ತು ಬಟ್ಟೆಯೊಗೆಯುವ ಕಲ್ಲು. ತೊಟ್ಟಿಯಿಲ್ಲದ, ಜಗುಲಿಯಿಲ್ಲದ, ನೆರೆಯವರ ಗೋಡೆಗೆ ತಾಗದೆ ಒಂಟಿಯಾಗಿ ನಿಂತ ಈ ಮನೆಗಳು ಪೇಟೆಯಿಂದ ಬಂದ ಹಿರಿಯರ ಕಣ್ಣಿಗೆ ಆಗ ವಿಚಿತ್ರವಾಗಿಯೇ ಕಂಡಿರಬೇಕು. ಅಂದಿನ ಹೊಸತೇ ಇಂದಿನ ಸಂಪ್ರದಾಯ.

ಒಂದು ಅಂಶವನ್ನು ಮಾತ್ರ ಗಮನಿಸಬೇಕು. ಪೇಟೆಯ ಮನೆ ತನ್ನ ಬೆಳಕನ್ನು ತನ್ನ ಒಡಲಲ್ಲಿಯೇ ಇಟ್ಟುಕೊಂಡಿತ್ತು. ನೆರೆಯವನು ಏನು ಕಟ್ಟಿದರೂ ತೊಟ್ಟಿಯ ಮೇಲಿನ ಆಕಾಶ ಅಷ್ಟು ಸುಲಭವಾಗಿ ಮುಚ್ಚುತ್ತಿರಲಿಲ್ಲ. ಬಡಾವಣೆಯ ಮನೆ ಹಾಗಲ್ಲ. ಅದು ಹೊರಗಿನಿಂದ ಬೆಳಕು ಪಡೆಯುವ ಮನೆ. ಅದರ ಕಿಟಕಿಗೆ ಬರುವ ಬಿಸಿಲು ಪಕ್ಕದ ನಿವೇಶನದ ಮೇಲಿನಿಂದಲೇ ಹಾದು ಬರಬೇಕು. ಎರಡು ಮನೆಗಳೂ ತಗ್ಗಾಗಿದ್ದಷ್ಟು ಕಾಲ ಈ ಪರಾವಲಂಬನೆ ಯಾರ ಅರಿವಿಗೂ ಬರಲಿಲ್ಲ.

ಅರಿವಿಗೆ ಬಂದದ್ದು ನಿವೇಶನದ ಬೆಲೆ ಏರಿದಾಗ. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಗೆ ಈಗ ನಾಲ್ವರು ಮಕ್ಕಳು ವಾರಸುದಾರರು. ಅವರಲ್ಲಿ ಇಬ್ಬರು ಪರದೇಶದಲ್ಲಿರಬಹುದು. ಹಳೆಯ ಮನೆಯನ್ನು ನಾಲ್ಕು ಪಾಲು ಮಾಡಲಾಗದು, ನಾಲ್ಕು ಅಂತಸ್ತುಗಳನ್ನಾದರೆ ಹಂಚಿಕೊಳ್ಳಬಹುದು. ಮಾಡು ಸೋರುತ್ತದೆ, ಬಾಗಿಲುವಾಡಕ್ಕೆ ಗೆದ್ದಲು ಹಿಡಿದಿದೆ, ಕಾರು ನಿಲ್ಲಿಸಲು ಜಾಗವಿಲ್ಲ, ಮಹಡಿ ಹತ್ತಲಾಗದ ತಾಯಿಗೆ ಲಿಫ್ಟು ಬೇಕು. ಇವೆಲ್ಲ ನ್ಯಾಯವಾದ ಕಾರಣಗಳೇ. ಹಳೆಯ ಮನೆಯನ್ನು ಕೆಡವಿದವರನ್ನೆಲ್ಲ ದುರಾಸೆಯವರೆಂದು ಹಳಿಯುವವರು, ಆ ಮನೆಯ ದುರಸ್ತಿಯ ಖರ್ಚನ್ನು ತಾವು ಹೊರುವುದಿಲ್ಲ.

ಹೊಸ ಮನೆಯ ಮೇಲೆ ಬರುವ ಮೊದಲ ದೂರು ಸಾಮಾನ್ಯವಾಗಿ ಅದರ ಚೆಂದದ ಬಗೆಗೆ ಇರುತ್ತದೆ. ಡಬ್ಬಿಯಂತಿದೆ, ಕಚೇರಿಯಂತಿದೆ, ಬೀದಿಯ ಲಕ್ಷಣವೇ ಕೆಟ್ಟಿತು ಎಂಬಂತಹ ಮಾತುಗಳು. ರುಚಿಯ ವಿಷಯದಲ್ಲಿ ತೀರ್ಪು ಕೊಡುವವರಾರು? ಒಬ್ಬನಿಗೆ ಸೊಗಸೆನಿಸಿದ ಬೂದುಬಣ್ಣದ ಗೋಡೆ ಮತ್ತೊಬ್ಬನಿಗೆ ಸಿಮೆಂಟು ಬಳಿದು ಬಿಟ್ಟಂತೆ ಕಾಣಬಹುದು. ಹತ್ತು ವರ್ಷದಲ್ಲಿ ಕಣ್ಣು ಒಗ್ಗಿಹೋಗುತ್ತದೆ. ಕಣ್ಣಿಗಾದ ನೋವು ಇಷ್ಟಕ್ಕೆ ಮುಗಿಯುವುದಾದರೂ, ಜಗಳ ಮುಗಿಯದೆ ಉಳಿಯುವುದಕ್ಕೆ ಬೇರೆ ಕಾರಣವಿದೆ. ಅದನ್ನು ಅಳತೆಗೋಲಿನಿಂದ ಅಳೆಯಬಹುದು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಮೂರನೆಯ ವಾರದಲ್ಲಿ ಸೂರ್ಯನು ದಕ್ಷಿಣದ ತುದಿ ಮುಟ್ಟಿದಾಗ, ನಡುಮಧ್ಯಾಹ್ನದಲ್ಲಿಯೂ ಇಲ್ಲಿ ಅವನು ದಿಗಂತದಿಂದ ಸುಮಾರು 53 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆಗ 12 ಅಡಿ ಎತ್ತರದ ಒಂದಂತಸ್ತಿನ ಮನೆಯ ನೆರಳು ಉತ್ತರಕ್ಕೆ 9 ಅಡಿ ಚಾಚುತ್ತದೆ. 40 ಅಡಿ ಎತ್ತರದ ಮನೆಯ ನೆರಳಾದರೋ 30 ಅಡಿ. ನಲವತ್ತಡಿ ಅರವತ್ತಡಿಯ ನಿವೇಶನದಲ್ಲಿ ಇದರ ಅರ್ಥವೇನೆಂಬುದು ಸ್ಪಷ್ಟ. ದಕ್ಷಿಣದ ನೆರೆಯವರು ಮೇಲಕ್ಕೆ ಕಟ್ಟಿದರೆ ಉತ್ತರದ ಮನೆಯ ಅಂಗಳ, ತುಳಸಿಕಟ್ಟೆ, ಅಡಿಗೆಮನೆಯ ಕಿಟಕಿಗಳು ಚಳಿಗಾಲವೆಲ್ಲ ನೆರಳಿನಲ್ಲಿ ಮುಳುಗುತ್ತವೆ. ಜೂನಿನಲ್ಲಿ ಸೂರ್ಯನು ನೆತ್ತಿಯನ್ನು ದಾಟಿ ಸ್ವಲ್ಪ ಉತ್ತರಕ್ಕೆ ಸರಿಯುವುದರಿಂದ ಅದೇ 40 ಅಡಿಯ ಮನೆ ತನ್ನ ದಕ್ಷಿಣದವರಿಗೆ ಕೊಡುವ ನೆರಳು 7 ಅಡಿಯನ್ನು ಅಷ್ಟಾಗಿ ಮೀರುವುದಿಲ್ಲ. ಆದುದರಿಂದ ಒಂದೇ ಕಟ್ಟಡದಿಂದ ಎರಡು ಪಕ್ಕದ ನೆರೆಯವರಿಗೆ ಆಗುವ ನಷ್ಟ ಒಂದೇ ಅಲ್ಲ. ಉತ್ತರದವರು ಕೂಗಾಡುವಾಗ ದಕ್ಷಿಣದವರು ‘ಇದರಲ್ಲೇನಿದೆ’ ಎಂದು ಸುಮ್ಮನಿರುವುದನ್ನು ಕಂಡು ಬೀದಿಯವರು ತಬ್ಬಿಬ್ಬಾಗುವುದು ಇದರಿಂದಲೇ.

ಗಾಳಿಯ ಲೆಕ್ಕವೂ ಹೀಗೆಯೇ. ಮುಂಗಾರಿನಲ್ಲಿ ಇಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಹೊಸ ಗೋಡೆ ಯಾವ ದಿಕ್ಕಿನಲ್ಲೆದ್ದಿತು ಎಂಬುದರ ಮೇಲೆ ಯಾವ ಋತು ನಷ್ಟವಾಯಿತೆಂಬುದನ್ನು ಹೇಳಬಹುದು. ಇನ್ನು ಮಳೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. 2400 ಚದರಡಿಯ ನಿವೇಶನದ ಮೇಲೆ ಅದು ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು. ಹಳೆಯ ಮನೆಯ ಸುತ್ತಣ ಮಣ್ಣು ಅದರಲ್ಲಿ ಒಂದು ಪಾಲನ್ನು ಕುಡಿಯುತ್ತಿತ್ತು. ಕಾಂಪೌಂಡಿನಿಂದ ಕಾಂಪೌಂಡಿಗೆ ಟೈಲ್ಸು ಹಾಸಿದ ಮೇಲೆ ಅದು ರಸ್ತೆಗೆ ಹರಿದು, ತಗ್ಗಿನಲ್ಲಿರುವವರ ಬಾಗಿಲಿಗೆ ಬರುತ್ತದೆ. 2009ರಿಂದ ಬೆಂಗಳೂರಿನ ಇಂತಹ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹ ಕಡ್ಡಾಯವಾಗಿದೆ. ಅದನ್ನು ಮಾಡುವ ಬಗೆಯನ್ನು ತೋರಿಸಲೆಂದೇ ಜಯನಗರದ ಐದನೆಯ ಬ್ಲಾಕಿನಲ್ಲಿ ಒಂದು ಉದ್ಯಾನವೂ ಇದೆ. ಅದರ ಸುತ್ತಲಿನ ಮನೆಗಳೆಲ್ಲ ಅದನ್ನು ಕಂಡು ಕಲಿತಿವೆಯೆಂದು ಹೇಳುವ ಧೈರ್ಯ ಮಾತ್ರ ಸಾಲದು.

ಅಳತೆಗೆ ಸಿಗದ ನಷ್ಟವೊಂದಿದೆ. ಹಿತ್ತಿಲಲ್ಲಿ ತಲೆ ಒಣಗಿಸುತ್ತ ಕುಳಿತ ಹೆಂಗಸಿಗೆ, ತಾರಸಿಯ ಮೇಲೆ ಸಂಡಿಗೆ ಹರಡುವ ಅಜ್ಜಿಗೆ, ಮೂರನೆಯ ಮಹಡಿಯ ಗಾಜಿನಿಂದ ಯಾರೋ ನೋಡುತ್ತಿರಬಹುದೆಂಬ ಭಾವನೆ. ಯಾರೂ ನೋಡದೆ ಇರಬಹುದು. ಆದರೂ ಅಂದಿನಿಂದ ಹಿತ್ತಿಲು ಹಿತ್ತಿಲಾಗಿ ಉಳಿಯುವುದಿಲ್ಲ.

ಇಷ್ಟೆಲ್ಲವನ್ನೂ ಕಳೆದುಕೊಂಡವರಿಗೆ ಕಾನೂನು ಏನು ಹೇಳುತ್ತದೆ? 1882ರ ಈಸ್‌ಮೆಂಟುಗಳ ಅಧಿನಿಯಮದಂತೆ, ಕಟ್ಟಡವೊಂದರ ಕಿಟಕಿಯ ಮೂಲಕ ಬೆಳಕು ಗಾಳಿಗಳನ್ನು ಅಡ್ಡಿಯಿಲ್ಲದೆ 20 ವರ್ಷ ಅನುಭವಿಸಿ ಬಂದವರಿಗೆ ಅವುಗಳ ಮೇಲೆ ಹಕ್ಕು ಹುಟ್ಟುತ್ತದೆ. ನೆರೆಯವರು ಅದನ್ನು ಗಣನೀಯವಾಗಿ ಕುಗ್ಗಿಸುವಂತೆ ಕಟ್ಟಲಾಗದು. ಇದನ್ನು ಕೇಳಿ ಹಳೆಯ ಮನೆಯವರಿಗೆ ಸಮಾಧಾನವಾಗುವುದು ಸಹಜ. ಆದರೆ ಅದೇ ಅಧಿನಿಯಮ ಮತ್ತೊಂದು ಮಾತನ್ನೂ ಹೇಳುತ್ತದೆ: ತೆರೆದ ನೆಲಕ್ಕೆ ಬರುವ ಬೆಳಕು ಗಾಳಿಗಳ ಮೇಲೆ, ಎಷ್ಟು ವರ್ಷ ಅನುಭವಿಸಿದರೂ, ಇಂತಹ ಹಕ್ಕು ಹುಟ್ಟದು. ಎಂದರೆ ಅಡಿಗೆಮನೆಯ ಕಿಟಕಿಗೆ ರಕ್ಷಣೆಯಿದೆ. ತುಳಸಿಕಟ್ಟೆಗೆ ಇಲ್ಲ, ಸಂಪಿಗೆ ಮರಕ್ಕೆ ಇಲ್ಲ, ಬಟ್ಟೆ ಒಣಗುವ ಹಗ್ಗಕ್ಕೆ ಇಲ್ಲ.

ಅಂಗಳವನ್ನು ಕಾಯುವುದು ಬೇರೊಂದು ನಿಯಮ. ಕಟ್ಟಡದ ನಾಲ್ಕು ಪಕ್ಕದಲ್ಲಿಯೂ ಇಂತಿಷ್ಟು ಅಡಿ ಖಾಲಿ ಬಿಡಬೇಕು, ನಿವೇಶನದ ವಿಸ್ತೀರ್ಣಕ್ಕೆ ಇಂತಿಷ್ಟು ಪಟ್ಟು ಮಾತ್ರ ಒಟ್ಟು ಅಂತಸ್ತುಗಳ ವಿಸ್ತೀರ್ಣವಿರಬೇಕು ಎಂಬ ನಗರ ಯೋಜನೆಯ ಕಟ್ಟಳೆ. ಈ ಪಟ್ಟು 1.75 ಎಂದಿದ್ದರೆ, 2400 ಚದರಡಿಯ ನಿವೇಶನದಲ್ಲಿ ಎಲ್ಲ ಅಂತಸ್ತುಗಳೂ ಸೇರಿ 4200 ಚದರಡಿಯನ್ನು ಮೀರುವಂತಿಲ್ಲ. ಸೆಟ್‌ಬ್ಯಾಕ್ ಎಂದು ಎಲ್ಲರ ಬಾಯಲ್ಲಿಯೂ ಇರುವ ಆ ಖಾಲಿ ಜಾಗವನ್ನು ಮನೆಯೊಡೆಯನು ತನ್ನ ಸ್ವಂತದ್ದೆಂದೇ ತಿಳಿದಿರುತ್ತಾನೆ. ನೆಲ ಅವನದು ನಿಜ; ಅದರ ಮೇಲಿನ ಬೆಳಕು ಮಾತ್ರ ಇಬ್ಬರಿಗೂ ಸೇರಿದ್ದು. ಅಲ್ಲಿಯವರೆಗೆ ಗೋಡೆಯನ್ನು ತಳ್ಳಿದವನು ತನ್ನ ಜಾಗವನ್ನಷ್ಟೇ ಬಳಸಿಕೊಂಡೆನೆಂದು ಭಾವಿಸುತ್ತಾನೆ, ನೆರೆಯವನು ತನ್ನ ಆಸ್ತಿ ಹೋಯಿತೆಂದು ಭಾವಿಸುತ್ತಾನೆ.

ಕಟ್ಟಳೆ ಮುರಿದವನನ್ನು ಪ್ರಶ್ನಿಸಬೇಕಾದವರು ಪುರಸಭೆಯವರಲ್ಲವೆ, ನೆರೆಯವನಿಗೇನು ಅಧಿಕಾರ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಬೆಂಗಳೂರಿನಿಂದಲ್ಲ, ಉಡುಪಿಯಿಂದ. ಅಲ್ಲಿ ವಾಸದ ಮನೆಗಳಿಗೆಂದು ಯೋಜನೆಯಲ್ಲಿ ಮೀಸಲಾಗಿದ್ದ ಪ್ರದೇಶವೊಂದರಲ್ಲಿ ಕಲ್ಯಾಣಮಂಟಪಕ್ಕೆಂದು ಅನುಮತಿ ಪಡೆದ ಕಟ್ಟಡವು ಮುಂದೆ ಚಿತ್ರಮಂದಿರವಾಗಲು ಹೊರಟಿತು; ಪುರಸಭೆ ಅದಕ್ಕೂ ಒಪ್ಪಿಗೆಯಿತ್ತಿತು. ಅಲ್ಲಿಯ ನಿವಾಸಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಒಪ್ಪಿಗೆ ಯೋಜನೆಗೆ ವಿರುದ್ಧವೆಂದು ಕಂಡರೂ, ಕಟ್ಟಿದವರು ಈಗಾಗಲೇ ಬಹಳ ಹಣ ಸುರಿದಿರುವುದರಿಂದ ಅದನ್ನು ರದ್ದುಮಾಡಲು ಉಚ್ಚ ನ್ಯಾಯಾಲಯ ಮುಂದಾಗಲಿಲ್ಲ. ಪ್ರಕರಣ ದೆಹಲಿಗೆ ಹೋಯಿತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿವಾಸಿಯ ಪರವಾಗಿ ತೀರ್ಪಿತ್ತಿತು. ಕಾನೂನಿಗೆ ಹೊರತಾದ ಕಟ್ಟಡವು ಸುತ್ತಣ ನಿವಾಸಿಗಳ ಆಸ್ತಿಯ ಅನುಭೋಗಕ್ಕೆ ಧಕ್ಕೆ ತರುತ್ತದೆ, ಆದುದರಿಂದ ಪ್ರಶ್ನಿಸುವ ಹಕ್ಕು ಅವರಿಗಿದೆ, ವಾಸದ ಪ್ರದೇಶ ಕೆಡದಂತೆ ನೋಡಿಕೊಳ್ಳುವ ಹೊಣೆ ಪುರಸಭೆಗಿದೆ ಎಂಬುದು ಅದರ ಸಾರ. ಸುರಿದ ಹಣ ತಪ್ಪನ್ನು ಸರಿಮಾಡದು ಎಂಬುದೂ ಅದರಲ್ಲಿ ಅಡಗಿತ್ತು.

ಆ ತೀರ್ಪು ಬಂದು ಅರ್ಧ ಶತಮಾನ ಕಳೆದರೂ ಬೆಂಗಳೂರು ಅದಕ್ಕೆ ತಲೆಬಾಗಿದೆಯೆನ್ನಲಾಗದು. ಕಟ್ಟಿದ ಮೇಲೆ ದಂಡ ತೆತ್ತು ಸಕ್ರಮ ಮಾಡಿಸಿಕೊಂಡರಾಯಿತು ಎಂಬ ನಂಬಿಕೆ ಮೇಸ್ತ್ರಿಯಿಂದ ಮಾಲೀಕನವರೆಗೆ ಹಬ್ಬಿದೆ. ಅಕ್ರಮ-ಸಕ್ರಮವೆಂದು ಹೆಸರಾದ ಯೋಜನೆ ವಾಸದ ಕಟ್ಟಡಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನೂ ಸಕ್ರಮಗೊಳಿಸಲು ಹೊರಟಿತ್ತು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ, 2017ರ ಜನವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಒಂದು ಮಾತು ಇಲ್ಲಿ ವಿಚಾರಾರ್ಹವಾಗಿದೆ. ಸಕ್ರಮದ ದಂಡ ಸೇರುವುದು ಬೊಕ್ಕಸಕ್ಕೆ. ಬೆಳಕು ಹೋದದ್ದು ಪಕ್ಕದ ಮನೆಗೆ.

ಹೊಸ ಬಗೆಯ ಮನೆಯೆಂದರೆ ನೆರೆಯವರ ಮೇಲೆ ಬೀಳಲೇಬೇಕೆಂಬ ನಿಯಮವೇನೂ ಇಲ್ಲ. ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಕೋರಮಂಗಲದಲ್ಲಿ ತಮಗಾಗಿ ಕಟ್ಟಿಸಿದ ಮನೆಗೆ ಆಕಾಶಕ್ಕೆ ತೆರೆದ ಅಂಗಳವೇ ಕೇಂದ್ರ. ಪೇಟೆಯ ತೊಟ್ಟಿ ಬಡಾವಣೆಗೆ ಮರಳಿ ಬಂದಂತಾಯಿತು. ತನ್ನ ಬೆಳಕನ್ನು ತನ್ನ ನಡುವಿನಿಂದಲೇ ಪಡೆಯುವ ಮನೆ ನೆರೆಯವರ ಹಿತ್ತಿಲಿನ ಕಡೆಗೆ ದೊಡ್ಡ ಗಾಜನ್ನಿಡಬೇಕಾಗಿಲ್ಲ.

ಅಷ್ಟು ಜಾಗವಿಲ್ಲದವರಿಗೂ ದಾರಿಗಳಿವೆ. ಹಿತ್ತಿಲಿನತ್ತ ತೆರೆಯುವ ಕಿಟಕಿಯನ್ನು ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿಡಬಹುದು. ಮೆಟ್ಟಿಲಿನ ಮೇಲಣ ಕೋಣೆಯನ್ನೂ ನೀರಿನ ತೊಟ್ಟಿಯನ್ನೂ ದಕ್ಷಿಣದ ಅಂಚಿಗೆ ಸರಿಸಬಹುದು. 40 ಅಡಿ ಎತ್ತರದ ಮನೆಯಲ್ಲಿ ಮೇಲಿನ 10 ಅಡಿಯ ಅಂತಸ್ತನ್ನು ಉತ್ತರದ ಅಂಚಿನಿಂದ 8 ಅಡಿ ಒಳಕ್ಕೆ ತೆಗೆದುಕೊಂಡರೆ, ಡಿಸೆಂಬರಿನ ನಡುಮಧ್ಯಾಹ್ನದ ನೆರಳು 30 ಅಡಿಯಿಂದ 22 ಅಡಿಗೆ ಇಳಿಯುತ್ತದೆ. ಹೀಗೆ ಬಿಟ್ಟ ಜಾಗ ವ್ಯರ್ಥವೂ ಅಲ್ಲ, ಮೇಲಿನ ಮನೆಯವರಿಗೆ ಅದೇ ಬಯಲು ತಾರಸಿಯಾಗುತ್ತದೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗ ಇದು ಒಂದು ಗೆರೆಯ ಕೆಲಸ. ಕಂಬಿ ಕಟ್ಟಿ ಮೋಲ್ಡು ಹಾಕಿದ ಮೇಲೆ ಇದೇ 8 ಅಡಿಗಾಗಿ ಎರಡು ಸಂಸಾರಗಳು ವಕೀಲರ ಮನೆಯ ಬಾಗಿಲಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಅಷ್ಟರಲ್ಲಿ ಹಳೆಯ ಮನೆಯ ಅಂಗಳದಲ್ಲಿ ತುಳಸಿ ಸೊರಗಿರುತ್ತದೆ, ಅದನ್ನು ನೆಟ್ಟವರು ಕುಂಡವೊಂದನ್ನು ಹಿಡಿದು ಬಿಸಿಲಿರುವ ಮೂಲೆಯನ್ನು ಹುಡುಕುತ್ತಿರುತ್ತಾರೆ.